ಎಡಕ್ಕೊಂದು, ಬಲಕ್ಕೊಂದು

ತಿಪ್ಪೇಸ್ವಾಮಣ್ಣನ ಎಡಗಿವಿಯಲ್ಲಿ ಕಪ್ಪು ಕೊಕ್ಕೆ, ಬಲಗಿವಿಯಲ್ಲಿ ಬೆಳ್ಳಿ ಬಣ್ಣದ ಕ್ಲಿಪ್ಪು. ಮುಂದಿನ ಸೋಮವಾರ ನೋಡಿದರೆ ಕೊಕ್ಕೆ ಬಲಕ್ಕೆ ಬಂದಿರುತ್ತಿತ್ತು, ಕ್ಲಿಪ್ಪು ಎಡಕ್ಕೆ ಹೋಗಿರುತ್ತಿತ್ತು. ಅರವತ್ತರ ಹತ್ತಿರದ ಗಂಡಸು, ತಲೆಗೆ ಹಳದಿ ಹೆಲ್ಮೆಟ್ಟು, ಮೀಸೆಯ ಮೇಲೆ ಪುಟ್ಟಿಯ ಬಿಳಿ ದೂಳು, ಒಂದೊಂದು ಕಿವಿಗೆ ಒಂದೊಂದು ಬಗೆಯ ಒಡವೆ. ವಿಶಾಖಪಟ್ಟಣದ ಮಧುರವಾಡದಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತ ನಿಂತ ಹೆಂಗಸರು, ಎದುರಿಗೇ ಹಗ್ಗದಲ್ಲಿ ತೂಗಿಕೊಂಡು ಇಳಿದು ಬರುವ ಈ ಮನುಷ್ಯನನ್ನು ಕಂಡು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಒಬ್ಬಾಕೆ ತೆಲುಗಿನಲ್ಲಿ ಕೇಳಿಯೇ ಬಿಟ್ಟಳು, "ಏನು ತಾತಾ, ಎರಡು ಜೊತೇಲೂ ಒಂದೊಂದು ಕಳಕೊಂಡ್ಯಾ?" ಎಂದು. ಇವರು ರೋಲರ್ ನಿಲ್ಲಿಸದೆ ತೆಲುಗಿನಲ್ಲೇ ಉತ್ತರ ಕೊಟ್ಟರು: "ಕಳೆದಿಲ್ಲಮ್ಮಾ. ಇಬ್ಬರಿಗೂ ಪರೀಕ್ಷೆ ನಡೀತಿದೆ. ಪಾಸಾದೋನಿಗೆ ಕೆಲಸ."

ಅವರು ಹೋಗಿ ವರ್ಷದ ಮೇಲಾಯಿತು. ಆ ಪರೀಕ್ಷೆಯಲ್ಲಿ ಫೇಲಾದದ್ದು ಯಾರು ಎಂಬುದನ್ನು ಬರೆಯಬೇಕು ಅಂತ ಕೂತಿದ್ದೇನೆ. ಬರವಣಿಗೆ ನನ್ನ ಕಸುಬಲ್ಲ. ನಾನು ಎಂಟನೇ ಕ್ಲಾಸಿಗೆ ಪುಸ್ತಕ ಮುಚ್ಚಿದವನು. ಅದನ್ನು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಚಳ್ಳಕೆರೆ ಕಡೆಯಿಂದ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಂದವನು, ಇವತ್ತು ಮಧುರವಾಡದಲ್ಲಿ ಹದಿನಾಲ್ಕು ಕಟ್ಟಡಗಳನ್ನು ಬೆರಳು ಮಾಡಿ ತೋರಿಸಿ, ಈ ಹೊರಗೋಡೆಯ ಬಣ್ಣ ನನ್ನ ಕೈಯದು ಅನ್ನಬಲ್ಲೆ. ಯಾರ ಹತ್ತಿರವೂ ಹಲ್ಲುಗಿಂಜಿದವನಲ್ಲ. ಆದರೆ ನನ್ನನ್ನು ಕರೆಸಿಕೊಂಡು ಆ ಕೈಗೆ ಕೆಲಸ ಕಲಿಸಿದವರು ನಮ್ಮ ಕಡೆಯವರೇ ಆದ ತಿಪ್ಪೇಸ್ವಾಮಣ್ಣ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಎತ್ತರದ ಕಟ್ಟಡದ ಟೆರೇಸಿನಿಂದ ಎರಡು ಹಗ್ಗ ಇಳಿಬಿಟ್ಟು ಅದಕ್ಕೊಂದು ಹಲಗೆ ಕಟ್ಟುತ್ತಾರೆ. ಅದಕ್ಕೆ ನಾವು ಜೂಲಾ ಅನ್ನುತ್ತೇವೆ. ಹಲಗೆಯ ಮೇಲೆ ಕೂತವನು ಬಣ್ಣ ಬಳಿಯುತ್ತಾನೆ, ಟೆರೇಸಿನ ಮೇಲಿನವರು ಅವನು ಹೇಳಿದಂತೆ ಹಗ್ಗ ಸಡಿಲಿಸಿ ಇಳಿಸುತ್ತಾರೆ, ನೆಲದಲ್ಲಿ ನಿಂತವನು ಯಾರೂ ಕೆಳಗೆ ಬಾರದಂತೆ ಕಾಯುತ್ತಾನೆ. ಈ ಮೂವರ ಮಾತು ಒಬ್ಬರಿಗೊಬ್ಬರಿಗೆ ಮುಟ್ಟುತ್ತಿದ್ದರೆ ಎಲ್ಲ ಸರಿ. ಮುಟ್ಟದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಬಂದ ಮೊದಲ ದಿನ ಅವರು ನನ್ನನ್ನು ಹಲಗೆ ಮೇಲೆ ಕೂರಿಸಿ, ನೆಲದಿಂದ ಎರಡಡಿ ಎತ್ತರಿಸಿ, ಹಗ್ಗ ಬಿಗಿದು, ತಮ್ಮ ಪಾಡಿಗೆ ತಾವು ಟೆರೇಸಿಗೆ ಹೋಗಿಬಿಟ್ಟರು. ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಅಲ್ಲೇ. ಊಟದ ಡಬ್ಬಿಯನ್ನೂ ಅಲ್ಲಿಗೇ ತಂದು ಕೈಗೆ ಕೊಟ್ಟರು. ಹಾದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿ ನಕ್ಕು ಹೋದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಇಳಿಸಿದ ಮೇಲೆ, "ಇದೇನಣ್ಣ, ನನ್ನ ಮಾನ ಕಳೆಯೋಕೆ ಕರೆಸಿದ್ಯಾ?" ಅಂದೆ.

"ಮಾನ ಎಲ್ಲಿ ಹೋಗ್ತೈತಲೇ, ಎರಡಡೀಲಿ ಐತಲ್ಲ," ಅಂದರು. "ಓಬಳೇಶ, ಎರಡಡೀಲಿ ಕೂತು ನೆಮ್ಮದಿಯಾಗಿ ಉಣ್ಣೋಕೆ ಬರದೋನು ಒಂಬತ್ತನೇ ಮಾಳಿಗೇಲಿ ಗೋಡೆ ನೋಡಲ್ಲ, ಕೆಳಗೆ ನೋಡ್ತಾನೆ. ನಾಳೆ ನಾಲ್ಕಡಿ."

ಹೀಗೆ ದಿನಕ್ಕೆ ಎರಡಡಿಯಂತೆ ಅವರು ನನ್ನನ್ನು ಎತ್ತರಕ್ಕೆ ಕಳಿಸಿದರು. ಗಂಟು ಕಲಿಸಿದರು, ತೆಲುಗು ಕಲಿಸಿದರು, ಪ್ರೈಮರ್ ಒಣಗಿತೋ ಇಲ್ಲವೋ ಎಂದು ಅಂಗೈ ಹಿಂಭಾಗ ಇಟ್ಟು ನೋಡುವುದನ್ನು ಕಲಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ ಕಿವಿಗೊಡುವುದನ್ನು ಕಲಿಸಿದರು. "ಎತ್ತರದಾಗೆ ಕಣ್ಣು ಮೋಸ ಮಾಡ್ತೈತೆ, ಕಿವಿ ಮಾಡಲ್ಲ. ಹಗ್ಗ ಸುಮ್ಮಸುಮ್ಮನೆ ಕೈ ಬಿಡಲ್ಲ ಕಣಲೇ. ಬಿಡೋಕೆ ಮುಂಚೆ ಎರಡು ಸಲ ಹೇಳ್ತೈತೆ. ಮೊದಲನೇ ಸಲ ಕಿರ್ ಅಂತೈತೆ. ಎರಡನೇ ಸಲ ಅದೂ ಇಲ್ಲ, ಸುಮ್ಮಗಾಗ್ತೈತೆ. ಸುಮ್ಮಗಾದಾಗ ಹೆದರ್ಕೋ."

ಅದಕ್ಕೇ ಹುಡುಗರು ಫೋನಿನ ಹಾಡು ಕೇಳಲು ಕಿವಿಯ ತೂತಿಗೆ ತುರುಕುವ ಬಡ್ಸ್ ಹಾಕಿಕೊಂಡು ಜೂಲಾ ಹತ್ತಿದರೆ ಅವರಿಗೆ ಉರಿದುಹೋಗುತ್ತಿತ್ತು. "ಕಿವಿಗೆ ಬಿರಡೆ ಹಾಕ್ಕೊಂಡು ಹಗ್ಗಕ್ಕೆ ಇಳಿಯೋದೂ ಒಂದೇ, ಕಣ್ಣಿಗೆ ಬಟ್ಟೆ ಕಟ್ಕೊಂಡು ಹೈವೇ ದಾಟೋದೂ ಒಂದೇ," ಎಂದು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆದರೆ ಬರೀ ಕೂಗಾಟದಲ್ಲಿ ಕೆಲಸ ಸಾಗದ ಕಾಲ ಬಂದಿತ್ತು. ಕಟ್ಟಡಗಳು ಎತ್ತರವಾದವು, ಸಮುದ್ರದ ಗಾಳಿ ಮಾತನ್ನು ಹೊತ್ತುಕೊಂಡು ಹೋಗುತ್ತಿತ್ತು. ಒಂದು ದಿನ ತಿಪ್ಪೇಸ್ವಾಮಣ್ಣನೇ ನಮ್ಮ ಕಾಂಟ್ರಾಕ್ಟರ್ ಸನ್ಯಾಸಿರಾವುಗಾರ ಹತ್ತಿರ ಹೋಗಿ, ಕಿವಿಯೊಳಗೆ ಹೋಗದೆ ಕಿವಿಯ ಹೊರಗೇ ಕೂರುವ ಬಡ್ಸ್ ಬಂದಿವೆಯಂತೆ, ಫೋನಿನ ಮಾತೂ ಕೇಳುತ್ತದೆ, ಹೊರಗಿನ ಸದ್ದೂ ಕೇಳುತ್ತದೆ, ಎಲ್ಲರಿಗೂ ಕೊಡಿಸಿ ಎಂದು ಕೇಳಿದರು. ಸನ್ಯಾಸಿರಾವುಗಾರು ಒಳ್ಳೆಯ ಮನುಷ್ಯ, ಆದರೆ ಏನನ್ನೂ ಪರೀಕ್ಷೆ ಮಾಡದೆ ಕೊಳ್ಳುವವರಲ್ಲ. ಎರಡು ಬಗೆಯವನ್ನು ಒಂದೊಂದು ಜೊತೆ ತಂದುಕೊಟ್ಟು, "ಆರು ತಿಂಗಳು ನೀನೇ ಹಾಕಿ ನೋಡು ಮೇಸ್ತ್ರಿ. ಯಾವುದು ಬಾಳಿಕೆ ಬರುತ್ತೋ, ಯಾವುದು ಕಿವಿಗೆ ಸರಿಯಾಗಿ ಕೂರುತ್ತೋ, ಹೇಳು. ಹದಿನೆಂಟು ಮಂದಿಗೂ ಅದೇ," ಅಂದರು.

ಬೇರೆ ಯಾರಾದರೂ ಆಗಿದ್ದರೆ ಮೂರು ತಿಂಗಳು ಇದು, ಮೂರು ತಿಂಗಳು ಅದು ಅನ್ನುತ್ತಿದ್ದರು. ಇವರು ಒಪ್ಪಲಿಲ್ಲ. "ಇವತ್ತಿನ ಬಿಸಿಲು ನಾಳೆ ಇರಲ್ಲ. ಎತ್ತು ಕೊಳ್ಳೋವಾಗ ಒಂದೊಂದನ್ನೇ ನಡೆಸಿ ನೋಡ್ತಾರೇನಲೇ? ಒಂದೇ ನೊಗಕ್ಕೆ ಕಟ್ಟಿ ನೋಡ್ತಾರೆ," ಎಂದು ಎರಡನ್ನೂ ಒಟ್ಟಿಗೇ ಕಟ್ಟಿಕೊಂಡರು. ಕೊಕ್ಕೆಯದನ್ನು ಟೆರೇಸಿನವರ ಜೊತೆ ಮಾತಾಡುವ ಫೋನಿಗೆ, ಕ್ಲಿಪ್ಪಿನದನ್ನು ನೆಲದವನ ಜೊತೆ ಮಾತಾಡುವ ಫೋನಿಗೆ ಜೋಡಿಸಿದರು. ಎರಡು ಜೇಬಿನಲ್ಲಿ ಎರಡು ಫೋನು. ಎರಡು ಕಿವಿಯೂ ಒಂದೇ ಅಚ್ಚಿನವಲ್ಲ, ಆದ್ದರಿಂದ ಸೋಮವಾರಕ್ಕೊಮ್ಮೆ ಅದಲುಬದಲು. ಕಿವಿಯ ಹಿಂದೆ ಬಳಸಿ ಕೂರುವ ಕೊಕ್ಕೆಗೆ ಮಾವ ಅಂತ ಹೆಸರಿಟ್ಟರು, ಕಿವಿಯ ಅಂಚನ್ನು ಕಚ್ಚಿಕೊಳ್ಳುವ ಕ್ಲಿಪ್ಪಿಗೆ ಅಳಿಯ.

"ಮಾವ ಕಾಲು ಚಾಚಿ ಕೂರ್ತಾನೆ, ಜಾಗ ಜಾಸ್ತಿ ಬೇಕು," ಎಂದು ನಮಗೆ ವರದಿ ಕೊಡುತ್ತಿದ್ದರು. "ಹೆಲ್ಮೆಟ್ಟಿನ ಪಟ್ಟಿ ಬಂದ್ರೆ ಜಗಳ, ಕನ್ನಡಕದ ಕಡ್ಡಿ ಬಂದ್ರೆ ಜಗಳ. ಅಳಿಯ ಹಂಗಲ್ಲ. ಮೆತ್ತಗೆ ಕಿವಿ ಹಿಡ್ಕಂಡು ನೇತಾಡ್ತಾನೆ. ನೋವು ಗೊತ್ತಾಗೋದು ಸಂಜೆಗೆ."

ಕೂರುತ್ತದೋ ಇಲ್ಲವೋ ಎಂದು ನೋಡಲು ಅವರದೇ ಒಂದು ವರಸೆಯಿತ್ತು. ಬೆಳಿಗ್ಗೆ ಟೆರೇಸಿನಲ್ಲಿ, ಬೆಲ್ಟು ಕಟ್ಟುವ ಮುಂಚೆ, ಇಪ್ಪತ್ತು ಸಲ ಹೌದೆಂದು ತಲೆಯಾಡಿಸುವುದು, ಇಪ್ಪತ್ತು ಸಲ ಅಲ್ಲವೆಂದು ಆಡಿಸುವುದು. ಬಗ್ಗಿ ಕಾಲ್ಬೆರಳು ಮುಟ್ಟುವುದು. ಹೆಲ್ಮೆಟ್ಟು ಹಾಕಿ ತೆಗೆಯುವುದು. ಕೊಕ್ಕೆ ಹಾರಿಹೋಗುತ್ತಿದ್ದದ್ದು ಯಾವಾಗಲೂ ಹೆಲ್ಮೆಟ್ಟು ತೆಗೆಯುವಾಗಲೇ. ನೆಲದ ಮೇಲೆ ಬಿದ್ದರೆ ಎತ್ತಿಕೊಳ್ಳಬಹುದು, ಹತ್ತನೇ ಮಾಳಿಗೆಯಿಂದ ಬಿದ್ದರೆ ಹೋಯಿತು, ಕೆಳಗೆ ಇದ್ದವನ ತಲೆಗೆ ಬಿದ್ದರೆ ಇನ್ನೊಂದು ಗೋಳು. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅವುಗಳ ಜಾಲರಿಯಲ್ಲಿ ಕೂತ ಪುಟ್ಟಿಯ ದೂಳನ್ನು ಮೆಲ್ಲಗೆ ಉಜ್ಜಿ ತೆಗೆಯುವುದು. ಬಣ್ಣದ ಬ್ರಷ್ಷನ್ನೂ ಅಷ್ಟು ಜೋಪಾನ ಮಾಡಿದ್ದನ್ನು ನಾನು ಕಂಡಿಲ್ಲ.

ಬರೆದಿಡುತ್ತಿದ್ದದ್ದು ಬಣ್ಣದ ಅಂಗಡಿಯಲ್ಲಿ ಕೊಡುವ ಶೇಡ್ ಕಾರ್ಡಿನ ಮೇಲೆ. ಸಾಲಾಗಿ ಬಣ್ಣದ ಸಣ್ಣ ಚೌಕಗಳಿರುತ್ತವಲ್ಲ, ಒಂದು ಚೌಕಕ್ಕೆ ಒಂದು ವಾರ. ತಿಳಿ ಹಳದಿಯಿಂದ ಶುರು ಮಾಡಿ ಬೂದು ಬಣ್ಣದವರೆಗೆ, ಬಡಗಿಯ ಪೆನ್ಸಿಲ್ಲಿನಲ್ಲಿ, ಕನ್ನಡದಲ್ಲಿ. ಚೌಕದ ಎಡಭಾಗದಲ್ಲಿ ಎಡಗಿವಿಯ ಸಂಗತಿ, ಬಲಭಾಗದಲ್ಲಿ ಬಲಗಿವಿಯದು. ನಾಲ್ಕನೇ ಕ್ಲಾಸಿನ ಅಕ್ಷರ. ಆದರೆ ಒಂದು ವಾರವನ್ನೂ ಬಿಟ್ಟವರಲ್ಲ, ಒಂದು ಸುಳ್ಳನ್ನೂ ಬರೆದವರಲ್ಲ.

ಏಪ್ರಿಲ್ಲಿನಲ್ಲಿ ನಮ್ಮನ್ನು ವಿಜಯವಾಡದ ಪಟಮಟಕ್ಕೆ ಒಂದು ಶಾಲೆಯ ಕಟ್ಟಡಕ್ಕೆ ಕಳಿಸಿದರು. ಶಾಲೆಗೆ ರಜೆ ಇದ್ದಾಗಲೇ ಮುಗಿಸಬೇಕಿತ್ತು. ಆ ಬಿಸಿಲಲ್ಲಿ ಗೋಡೆ ಮುಟ್ಟಿದರೆ ದೋಸೆಕಲ್ಲು. ಬೆಳಿಗ್ಗೆ ಐದಕ್ಕೆ ಹತ್ತಿ ಹತ್ತಕ್ಕೆ ಇಳಿಯುತ್ತಿದ್ದೆವು. ಬೆವರು ಕಿವಿಯ ಹಿಂದಿನಿಂದ ನೀರಿನಂತೆ ಹರಿಯುತ್ತಿತ್ತು. ಕ್ಲಿಪ್ಪಿನ ರಬ್ಬರು ಮೆತ್ತಗಾಗಿ ಜಾರತೊಡಗಿತು, ಕೊಕ್ಕೆಯ ತಂತಿ ಸೊರಗಿದ ಬಳ್ಳಿಯಂತಾಯಿತು. ತಿಪ್ಪೇಸ್ವಾಮಣ್ಣ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ನೋಡಿ, "ವೈಜಾಗಿನ ಉಪ್ಪು ಚಾರ್ಜಿನ ಡಬ್ಬಿ ತಿಂತು, ಬೆಜವಾಡದ ಬಿಸಿಲು ಇವನ್ನೇ ತಿಂತು. ನಾವು ಮಾತ್ರ ಹಂಗೇ ಅದೀವಿ, ನೋಡು," ಎಂದು ನಕ್ಕರು.

ಹಾಗೇ ಇದ್ದೇವೆ ಅಂತಲೇ ನಾನೂ ನಂಬಿದ್ದೆ. ಅವರ ಹೆಂಡತಿ ವಿಜಯವಾಡದ ಭವಾನಿಪುರಂನವರು, ತೀರಿಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಪದ್ಮ, ಗಂಡನ ಜೊತೆ ಅಲ್ಲೇ ಇದ್ದಳು. ಅಪ್ಪ ಇಷ್ಟು ಹತ್ತಿರ ಬಂದಿದ್ದಾನೆಂದು ಎರಡು ಸಲ ಕರೆಯಲು ಬಂದಳು. "ಸಾಕಿನ್ನು ನಾನ್ನಾ, ಮನೆಗೆ ಬಂದುಬಿಡು," ಎಂದು ಬೇಡಿಕೊಂಡಳು. ಅವಳ ಬಾಯಲ್ಲಿ ಕನ್ನಡ ನಾಲ್ಕು ಮಾತಿಗಿಂತ ಹೆಚ್ಚು ನಡೆಯುವುದಿಲ್ಲ. ಇವರು, "ಮನೇಲಿ ಕೂತು ನಿನ್ನ ಗೋಡೆ ನೋಡ್ಲಾ?" ಅಂದರು. ಆಮೇಲೆ ನನ್ನ ಹತ್ತಿರ, "ಅಲ್ಲಿ ನಾನು ಯಾರಲೇ? ಪದ್ಮನ ಅಪ್ಪ. ಜೂಲಾ ಮೇಲೆ ನಾನು ತಿಪ್ಪೇಸ್ವಾಮಿ. ಆ ಹಲಗೆಯಿಂದ ಇಳಿದ ದಿನ ನನ್ನ ಕತೆ ಮುಗೀತು," ಅಂದರು. ನಗುತ್ತ ಹೇಳಿದ ಮಾತಲ್ಲ ಅದು.

ಮಧುರವಾಡಕ್ಕೆ ವಾಪಸ್ಸಾದ ಮೇಲೆ, ಒಂದು ಸೋಮವಾರ, ಬಣ್ಣದ ಬಕೆಟ್ಟು ಬಿತ್ತು.

ಅವತ್ತು ಅವರು ಜೂಲಾದಲ್ಲಿ ಆರನೇ ಮಾಳಿಗೆಯ ಹತ್ತಿರ, ನಾನು ಟೆರೇಸಿನಲ್ಲಿ. ಆ ವಾರ ಎಡಗಿವಿಯಲ್ಲಿ ಕೊಕ್ಕೆ, ಅಂದರೆ ನನ್ನ ಮಾತು ಹೋಗುತ್ತಿದ್ದದ್ದು ಅವರ ಎಡಗಿವಿಗೆ. ಹಗ್ಗ ಗೋಡೆಯಂಚಿಗೆ ಉಜ್ಜಬಾರದೆಂದು ಅದರಡಿ ಗೋಣಿಚೀಲ ಮಡಿಸಿ ಇಟ್ಟಿರುತ್ತೇವೆ. ಒಂದು ಹಗ್ಗದ ಗೋಣಿ ಜಾರಿ, ಹಗ್ಗ ಕಾಂಕ್ರೀಟಿಗೆ ಉಜ್ಜುತ್ತಿದ್ದದ್ದು ನನಗೆ ಕಂಡಿತು. ಫೋನಿನಲ್ಲಿ ಹೇಳಿದೆ, "ಅಣ್ಣ, ಅಲ್ಲೇ ಇರು. ಎಡಕ್ಕೆ ತೂಕ ಹಾಕಬೇಡ, ಗೋಣಿ ಸರಿದೈತೆ." ಉತ್ತರ ಇಲ್ಲ. ಇನ್ನೊಮ್ಮೆ ಹೇಳಿದೆ. ನಾಲ್ಕು ಸಲ ಹೇಳಿದೆ. ನಾಲ್ಕನೆಯದನ್ನು ಕಿರುಚಿದೆ. ಗಾಳಿ ಕಿತ್ತುಕೊಂಡು ಹೋಯಿತು. ಅವರು ಆರಾಮವಾಗಿ ರೋಲರ್ ಚಾಚಿ ಎಡಕ್ಕೆ ವಾಲಿದರು.

ಹಗ್ಗ ಅಂಚಿನಲ್ಲಿ ಒಂದು ಗೇಣು ಜಾರಿ ನಿಂತಿತು. ಹಲಗೆ ಓರೆಯಾಯಿತು. ಬೆಲ್ಟು ಅವರನ್ನು ಹಿಡಿಯಿತು, ಆದರೆ ತುಂಬಿದ ಬಣ್ಣದ ಬಕೆಟ್ಟು ಹಲಗೆಯಿಂದ ಜಾರಿ ಕೆಳಗೆ ಹೋಯಿತು. ವಾಚ್‌ಮನ್ನನ ಹೆಂಡತಿ ನೆಲದವನು ಬೇಡವೆಂದರೂ ಕೇಳದೆ ಬೆಳಗಿನಿಂದ ಕೂತಿದ್ದ ಪ್ಲಾಸ್ಟಿಕ್ ಕುರ್ಚಿ ನಾಲ್ಕು ಚೂರಾಯಿತು. ಆಕೆ ನೀರು ಹಿಡಿಯಲು ಎದ್ದು ಹೋಗಿದ್ದಳು. ಎದ್ದು ಎಷ್ಟು ಹೊತ್ತಾಗಿತ್ತು ಎಂದು ನಾನು ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ.

ಇಳಿದು ಬಂದ ತಿಪ್ಪೇಸ್ವಾಮಣ್ಣನ ಮುಖ ಬಿಳಿಚಿಕೊಂಡಿತ್ತು. ಎಲ್ಲರ ಮುಂದೆ ನನ್ನ ಕಡೆ ಕೈ ಮಾಡಿ, ತೆಲುಗಿನಲ್ಲೇ, "ನಿನಗೇನಾಗಿತ್ತಲೇ? ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಒಂದು ಮಾತು ಹೇಳೋಕಾಗ್ಲಿಲ್ವಾ?" ಅಂದರು.

"ಹೇಳಿದೆ ಅಣ್ಣ. ನಾಲ್ಕು ಸಲ."

"ಹೇಳಿದ್ರೆ ಕೇಳ್ತಿರಲಿಲ್ವಾ? ನನ್ನ ಮುಂದೆ ಸುಳ್ಳು ಬೇರೆ!" ಅಂದು, ಆಮೇಲೆ ಕೊಕ್ಕೆಯನ್ನು ಕಿತ್ತು ನೋಡಿ, "ಇಲ್ಲಾಂದ್ರೆ ಇವನು ಸತ್ತಿರಬೇಕು," ಎಂದು ಗೊಣಗಿದರು. ಆ ಎರಡನೆಯ ಮಾತು ನನ್ನೊಬ್ಬನಿಗೇ ಕೇಳಿದ್ದು. ಮೊದಲನೆಯದು ಹದಿನಾರು ಮಂದಿಗೆ ಕೇಳಿತ್ತು. ಸನ್ಯಾಸಿರಾವುಗಾರು, ಗುರುವಾರದವರೆಗೆ ನೋಡ್ತೀನಿ, ಅಲ್ಲಿತನಕ ಓಬಳೇಶ ಟೆರೇಸ್ ಹತ್ತೋದು ಬೇಡ ಅಂದರು.

ನನ್ನ ಇಡೀ ಬದುಕಿನಲ್ಲಿ ಕೆಲಸದಲ್ಲಿ ಸುಳ್ಳು ಹೇಳಿದವನು ಅನ್ನಿಸಿಕೊಂಡಿರಲಿಲ್ಲ. ಓದು ಬಿಟ್ಟವನಿಗೆ ಬೇರೇನಿರುತ್ತದೆ? ಕೆಲಸ, ಕೆಲಸದ ಹೆಸರು. ಮೂರು ದಿನ ಕೆಳಗೆ ಮರಳು ಜರಡಿ ಹಿಡಿದೆ. ಜೊತೆಗಾರರು ಎದುರಿಗೆ ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚುತ್ತಿತ್ತು. ತಿಪ್ಪೇಸ್ವಾಮಣ್ಣ ಸತ್ತಿದೆ ಎಂದು ಎತ್ತಿಟ್ಟಿದ್ದ ಕೊಕ್ಕೆಯ ಜೊತೆಯನ್ನು ನಾನು ಕೇಳದೆಯೇ ತೆಗೆದುಕೊಂಡು, ನನ್ನ ಕಿವಿಗೆ ಹಾಕಿ ನೋಡಿದೆ. ಎಡ, ಬಲ, ಎರಡೂ ಸ್ಫಟಿಕದ ಹಾಗೆ ಕೇಳುತ್ತಿದ್ದವು. ಕ್ಲಿಪ್ಪನ್ನೂ ಹಾಕಿ ನೋಡಿದೆ. ಅದೂ ಹಾಗೇ. ಆಗ ನನಗೆ ಹೊಳೆದದ್ದು ದುಃಖದ ಸಂಗತಿ. ಆದರೆ ನನಗೆ ಆದದ್ದು ಸಮಾಧಾನ. ಅದನ್ನು ಮುಚ್ಚಿಟ್ಟು ಬರೆದರೆ ಇದೆಲ್ಲ ಬರೆದೂ ಉಪಯೋಗವಿಲ್ಲ.

ಗುರುವಾರ ಊಟದ ಹೊತ್ತಿಗೆ ಸನ್ಯಾಸಿರಾವುಗಾರು ಬಂದು ಸಿಮೆಂಟ್ ಚೀಲದ ಮೇಲೆ ಕೂತರು. "ಆರು ತಿಂಗಳಾಯ್ತಲ್ಲ ಮೇಸ್ತ್ರಿ, ಏನು ಹೇಳುತ್ತೆ ನಿನ್ನ ಲೆಕ್ಕ?" ಅಂದರು. ತಿಪ್ಪೇಸ್ವಾಮಣ್ಣ ಶೇಡ್ ಕಾರ್ಡು ಕೊಟ್ಟರು. ಅವರು ತಿರುಗಿಸಿ ಮುರುಗಿಸಿ ನೋಡಿ, ಕನ್ನಡದ ಅಕ್ಷರ ಅಷ್ಟಿಷ್ಟು ಗುರುತು ಸಿಗುತ್ತೆ, ಇದು ಕೋಳಿ ಕೆದರಿದ ಹಾಗಿದೆ, ಯಾರಾದರೂ ಓದಿ ಅಂದರು. ತಿಪ್ಪೇಸ್ವಾಮಣ್ಣ ಸುತ್ತ ನೋಡಿ, ನನಗೇ ಚಾಚಿದರು. "ಓದಲೇ. ನನ್ನ ಕೈಬರಹ ನಿನಗೇ ಸರಿಯಾಗಿ ಗೊತ್ತಿರೋದು." ಸೋಮವಾರದ ಸಿಟ್ಟು ಅವರಲ್ಲಿ ಉಳಿದಿರಲಿಲ್ಲ. ನನ್ನಲ್ಲಿ ಉಳಿದಿತ್ತು.

ನಾನು ಕನ್ನಡದಲ್ಲಿ ಒಂದೊಂದು ಚೌಕ ಓದಿ ತೆಲುಗಿನಲ್ಲಿ ಹೇಳುತ್ತ ಹೋದೆ. ಕೊಕ್ಕೆ ಎಡ, ಧ್ವನಿ ಸಣ್ಣ. ಕ್ಲಿಪ್ಪು ಬಲ, ಚೆನ್ನ. ಮುಂದಿನ ವಾರ. ಕ್ಲಿಪ್ಪು ಎಡ, ಧ್ವನಿ ಸಣ್ಣ, ಬ್ಯಾಟರಿ ಇರಬೇಕು. ಕೊಕ್ಕೆ ಬಲ, ಚೆನ್ನ, ಹೆಲ್ಮೆಟ್ಟಿಗೆ ಬಿತ್ತು. ಮುಂದಿನ ವಾರ. ಕೊಕ್ಕೆ ಎಡ, ಕೇಳಲ್ಲ. ಮುಂದೆ. ಕ್ಲಿಪ್ಪು ಎಡ, ಕೇಳಲ್ಲ, ದೂಳು ಇರಬೇಕು. ತಿಳಿ ಹಳದಿಯಿಂದ ಬೂದು ಬಣ್ಣದವರೆಗೆ, ಎಡಗಡೆ ಬರೆದದ್ದೆಲ್ಲ ಒಂದೇ. ಸುಳ್ಳು ಬರೆಯಲು ಬಾರದ ಮನುಷ್ಯ ಆರು ತಿಂಗಳು ಕೂತು, ತಮ್ಮ ಮೇಲೆ ತಾವೇ ಸಾಕ್ಷಿ ಬರೆದುಕೊಟ್ಟಿದ್ದರು.

ಅಲ್ಲಿಗೆ ನಾನು ನಿಲ್ಲಿಸಬಹುದಿತ್ತು. ಓದಿ ಮುಗಿಸಿ ಕಾರ್ಡು ವಾಪಸ್ಸು ಕೊಟ್ಟು, ಸಂಜೆ ಅವರನ್ನು ಒಂದು ಕಡೆ ಕರೆದು, ಅಣ್ಣ, ಹಿಂಗೈತೆ ಅನ್ನಬಹುದಿತ್ತು. ಕಡೆಗೆ, ಅಲ್ಲೇ ಹೇಳಲೇಬೇಕೆಂದಿದ್ದರೆ ಕನ್ನಡದಲ್ಲಾದರೂ ಹೇಳಬಹುದಿತ್ತು. ಕನ್ನಡದಲ್ಲಿ ಹೇಳಿದ್ದರೆ ಅದು ನಮ್ಮಿಬ್ಬರಲ್ಲೇ ಉಳಿಯುತ್ತಿತ್ತು. ನಾನು ತಲೆಯೆತ್ತಿ ಕಾಂಟ್ರಾಕ್ಟರನ್ನು ನೋಡಿ, ಎಲ್ಲರಿಗೂ ತಿಳಿಯುವ ಹಾಗೆ, ತಿಪ್ಪೇಸ್ವಾಮಣ್ಣ ಕಲಿಸಿದ ತೆಲುಗಿನಲ್ಲೇ ಅಂದೆ: "ಆಯನಕಿ ಎಡಮ ಚೆವಿ ವಿನಪಡದಂಡಿ." ಅವರಿಗೆ ಎಡಗಿವಿ ಕೇಳುವುದಿಲ್ಲ ಅಂತ. "ನಾನು ಅವತ್ತು ಹೇಳಿದ್ದೆ. ಬಡ್ಸ್ ಕೆಟ್ಟಿಲ್ಲ, ನಾನು ಹಾಕಿ ನೋಡಿದೀನಿ," ಎಂದೂ ಸೇರಿಸಿದೆ.

ಸನ್ಯಾಸಿರಾವುಗಾರು ನಿಧಾನಕ್ಕೆ ಎದ್ದು, ತಿಪ್ಪೇಸ್ವಾಮಣ್ಣನ ಹಿಂದೆ ಹೋಗಿ, ಎಡಗಡೆ ನಿಂತು, ಬೈಕಿನ ಬೀಗದಕೈ ಗೊಂಚಲನ್ನು ಅಲ್ಲಾಡಿಸಿದರು. ಸಣ್ಣ ಸದ್ದು, ಆದರೆ ದೂರದಲ್ಲಿದ್ದ ನಮಗೆಲ್ಲ ಕೇಳಿತು. ತಿಪ್ಪೇಸ್ವಾಮಣ್ಣ ನನ್ನನ್ನೇ ನೋಡುತ್ತ ನಿಂತಿದ್ದರು. ನಮ್ಮೆಲ್ಲರ ಕಣ್ಣು ತಮ್ಮ ಹೆಗಲಾಚೆ ಹೋದದ್ದನ್ನು ಕಂಡು ಕೊನೆಗೆ ತಿರುಗಿದರು. ಬೀಗದಕೈ ಅಲ್ಲಾಡುತ್ತಲೇ ಇತ್ತು.

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಬಲಗಿವಿಯ ಕ್ಲಿಪ್ಪನ್ನು ತೆಗೆದು, ಒರೆಸಿ, ಅದರ ಡಬ್ಬಿಯಲ್ಲಿ ಹಾಕಿ ಮುಚ್ಚಿದರು. ಜೇಬಿನಿಂದ ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟರು.

"ಎಡಗಡೆ ಬರೆದಿದ್ದೆಲ್ಲ ಹೊಡೆದು ಹಾಕು," ಅಂದರು ಕನ್ನಡದಲ್ಲಿ. "ಬಲಗಡೇದು ಮಾತ್ರ ಓದು. ಅದು ಸರಿಯಾಗೈತೆ."

ಹೊಡೆದು ಹಾಕಿದೆ. ಬಲಗಡೆಯದನ್ನು ಓದಿದೆ. ಕೊಕ್ಕೆ ಹನ್ನೊಂದು ಸಲ ಹೆಲ್ಮೆಟ್ಟಿಗೆ ಸಿಕ್ಕಿ ಬಿದ್ದಿತ್ತು, ಕ್ಲಿಪ್ಪು ಬರೀ ಎರಡು ಸಲ, ಅದೂ ಪಟಮಟದ ಬೆವರಿಗೆ. ಕ್ಲಿಪ್ಪಿನ ರಬ್ಬರು ಬದಲಾಯಿಸಲು ಬರುತ್ತದೆ, ಕೊಕ್ಕೆಯ ತಂತಿ ಬದಲಾಯಿಸಲು ಬರುವುದಿಲ್ಲ. "ಕ್ಲಿಪ್ಪೇ ತಗೊಳ್ಳಿ," ಎಂದು ತಿಪ್ಪೇಸ್ವಾಮಣ್ಣ ಸನ್ಯಾಸಿರಾವುಗಾರಿಗೆ ತೆಲುಗಿನಲ್ಲಿ ಹೇಳಿದರು. "ಅಳಿಯನೇ ವಾಸಿ." ಯಾರೂ ನಗಲಿಲ್ಲ.

ನೆಲದಲ್ಲಿ ನಿಂತು ಜನರನ್ನು ಕಾಯುವ ಕೆಲಸ ಕೊಡುತ್ತೇನೆ, ಇರು ಎಂದು ಸನ್ಯಾಸಿರಾವುಗಾರು ಎರಡು ದಿನ ಹೇಳಿದರು. ಮೂರನೇ ದಿನ ಬೆಳಿಗ್ಗೆ ಅವರ ಬೆಲ್ಟು ಮೊಳೆಗೆ ನೇತು ಹಾಕಿತ್ತು, ಅವರಿರಲಿಲ್ಲ. ಭವಾನಿಪುರಂಗೆ, ಮಗಳ ಮನೆಗೆ ಹೋದರಂತೆ. ನನಗೆ ಹೇಳಿಹೋಗಲಿಲ್ಲ. ತಿಂಗಳೊಳಗೆ ಮೇಸ್ತ್ರಿಯ ಜಾಗಕ್ಕೆ ನಾನು ಬಂದೆ. ಯಾರೂ ಬೇಡ ಅನ್ನಲಿಲ್ಲ. ಕೆಲಸ ಗೊತ್ತಿತ್ತು ನನಗೆ. ಹದಿನೆಂಟು ಜೊತೆ ಕ್ಲಿಪ್ಪುಗಳು ಬಂದವು, ಇವತ್ತಿಗೂ ನಡೆಯುತ್ತಿವೆ.

ಅವರನ್ನು ಮತ್ತೆ ನೋಡಿದ್ದು ಒಂದೇ ಸಲ. ಅದಾದ ಮೂರನೇ ತಿಂಗಳಿಗೆ ಸುದ್ದಿ ಬಂತು, ಮಲಗಿದಲ್ಲೇ ಹೋದರಂತೆ, ನಾನು ವಿಜಯವಾಡ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಗಾಗಿ ಕೊನೆಯದೆಂದರೆ ಭವಾನಿಪುರಂನ ಆ ಮಧ್ಯಾಹ್ನವೇ.

ಕಿರಿದಾದ ವರಾಂಡ, ಎರಡು ಮೆಟ್ಟಿಲು, ಎದುರಿಗೆ ಬೀದಿ. ತಿಪ್ಪೇಸ್ವಾಮಣ್ಣ ಕುರ್ಚಿಯಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ. ಅವರ ಮೈಮೇಲೆ ಬಣ್ಣದ ಒಂದು ಚುಕ್ಕೆಯೂ ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು, ಗುರುತೇ ಸಿಗಲಿಲ್ಲ. ಪದ್ಮ ಕಾಫಿ ತಂದಿಟ್ಟು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದಳು: ಡಾಕ್ಟರು ಮಿಷಿನ್ ಕೊಟ್ಟಿದ್ದಾರೆ, ಹಾಕಿಕೊಳ್ಳುವುದಿಲ್ಲ. ಎರಡು ವರ್ಷದಿಂದ ಹೀಗೇ ಇತ್ತಂತೆ, ಮಗಳಾದ ತನ್ನ ಹತ್ತಿರವೂ ಹೇಳಿರಲಿಲ್ಲವಂತೆ. ಟೆರೇಸಿನವರು ಕೂಗೋದು ಕೇಳಿಸದೆ ಆದಾಗಲೇ ಆ ಬಡ್ಸ್ ಹುಡುಕಿದ್ದಂತೆ. ಕಿವಿಯ ಪಕ್ಕದಲ್ಲೇ ಮಾತು ಬಂದರೆ ಇನ್ನೊಂದೆರಡು ವರ್ಷ ತಳ್ಳಬಹುದು ಅಂತ.

ಅವಳು ಒಳಗೆ ಹೋದಳು. ನಾನು ಕೂತ ಸ್ಟೂಲು ಅವರ ಎಡಕ್ಕಿತ್ತು. ಅದು ಅಲ್ಲೇ ಇತ್ತೋ, ನಾನೇ ಎಳೆದುಕೊಂಡೆನೋ, ಎಷ್ಟು ಸಲ ಕೇಳಿಕೊಂಡರೂ ನನ್ನ ಮನಸ್ಸು ನಿಜ ಹೇಳುವುದಿಲ್ಲ. ಬೀದಿಯನ್ನೇ ನೋಡುತ್ತ, ಮೆಲ್ಲಗೆ, "ಅವತ್ತು ನಾನು ಹಂಗೆ ಹೇಳಬಾರದಿತ್ತಣ್ಣ. ಎಲ್ಲರ ಮುಂದೆ. ತಪ್ಪಾತು," ಅಂದೆ. ಎದೆಯ ಮೇಲಿನ ಕಲ್ಲು ಅಷ್ಟು ಸುಲಭಕ್ಕೆ ಇಳಿಯಿತು.

ಅವರು ನನ್ನ ತುಟಿಯ ಕಡೆ ನೋಡಿದರು. ಆಮೇಲೆ ಬಗ್ಗಿ, ತಮ್ಮ ಬಲಕ್ಕಿದ್ದ ಮೆಟ್ಟಿಲ ಮೇಲೆ ಕೈ ತಟ್ಟಿದರು.

"ಈ ಕಡೆ ಬಂದು ಹೇಳಲೇ."

ನಾನು ಎದ್ದೆ. ಅವರ ಮುಂದಿನಿಂದ ಹಾದು, ಆ ಮೆಟ್ಟಿಲ ಮೇಲೆ ಕೂತೆ. ಅವರು ತಲೆ ಓರೆ ಮಾಡಿ ಬಲಗಿವಿಯನ್ನು ನನ್ನ ಕಡೆ ಹಿಡಿದು ಕಾದರು. ಕೇಳಿಸದ ಕಿವಿಗೆ ಹೇಳಿದ ಮಾತು ಕೇಳಿಸುವ ಕಿವಿಯ ಮುಂದೆ ಹೊರಡಲಿಲ್ಲ. ಅವರು ನನ್ನ ಮೇಲೆ ಎಲ್ಲರ ಮುಂದೆ ಹೊರಿಸಿದ ಸುಳ್ಳು ನೆನಪಾಯಿತು, ಮೂರು ದಿನ ಮರಳು ಜರಡಿ ಹಿಡಿದದ್ದು ನೆನಪಾಯಿತು.

"ಏನಿಲ್ಲಣ್ಣ," ಅಂದೆ. "ಮೈ ನೋಡ್ಕೋ ಅಂದೆ, ಅಷ್ಟೇ."

ಗಂಟು ಬಿಗಿಯಾಗಿದೆಯೋ ಎಂದು ನೋಡುವಾಗ ನೋಡುತ್ತಿದ್ದರಲ್ಲ, ಹಾಗೆ ನನ್ನ ಮುಖವನ್ನೊಮ್ಮೆ ನೋಡಿದರು.

"ಸರೇ," ಅಂದರು. "ಹೊರಡು ಮತ್ತೆ. ರೈಲಿಗೆ ಹೊತ್ತಾತು."

ಗೇಟಿನ ಹತ್ತಿರ ಹೋಗಿ ತಿರುಗಿ ನೋಡಿದೆ. ತಲೆ ಇನ್ನೂ ಹಾಗೇ ಓರೆಯಾಗಿತ್ತು. ಕೈ ನಾನು ಎದ್ದುಬಂದ ಮೆಟ್ಟಿಲ ಮೇಲಿತ್ತು.